ಗುಡಾಣ ತೊಳೆಯುವವನ ಮಾತು

ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಗುಡಾಣಗಳು ನಮ್ಮವು,
ಆಳುದ್ದ, ಒಳಗೆ ಜೇನುಮೇಣ ಬಳಿದವು.
ದ್ರಾಕ್ಷಿ ಸುಗ್ಗಿಗೆ ಮುನ್ನ ಇಳಿದು ಉಜ್ಜಬೇಕು,
ಸಣಕಲು ಹುಡುಗರೇ ಬೇಕು ಅದಕ್ಕೆ.
ಅಲಜಾನಿ ಹೊಳೆಯ ಈಚೆ ದಡದ ಅರಮನೆಯಲ್ಲಿ
ಆ ಸಣಕಲ ನಾನು, ಖ್ವಿಚಾ.

ಆ ವರ್ಷ ಯೊತಾಮ್ ಬಂದ, ಕತ್ತೆಯ ಮೇಲೆ,
ಕೆಮ್ಮುತ್ತ, ಒಂದು ಚೀಲ ಈರುಳ್ಳಿಯೊಡನೆ.
ರಾಣಿ ಕೇಳಿದ್ದು ತರ್ಕ, ಗ್ರಹಗತಿ, ರಾಜನೀತಿ.
ಅವನು ಕುವರ ವಾಮೆಖನ ಕೈಗಿಟ್ಟಿದ್ದು
ಚೆರ್ರಿ ತೊಗಟೆಯ ನನ್ನ ಕುಂಚ.
"ಇಳಿ," ಎಂದ.

ಮಖಮಲ್ಲಿನ ನಿಲುವಂಗಿ ನನಗೆ ಕೊಟ್ಟು ಇಳಿದ ಕುವರ.
ಸುಳ್ಳೇಕೆ, ಅವನ ತಲೆ ಮರೆಯಾದದ್ದೇ
ತೊಟ್ಟು ನೋಡಿದೆ ನಾನು. ತೋಳು ಉದ್ದವಾಯಿತು.

"ಚೊಕ್ಕವಾಯಿತು!" ಒಳಗಿಂದ ಕೂಗಿದ.
ಆಯಿತು, ಆಯಿತು, ಅಂದಿತು ಗುಡಾಣ.
"ನೋಡಿ, ಇದೂ ಒಪ್ಪಿತು!"
ಮುದುಕ ನಗಲಿಲ್ಲ. ಒಂದು ಬಿಂದಿಗೆ ನೀರು ಸುರಿದ.
"ಹಾಗಾದರೆ ತೊಳೆದ ನೀರು ಕುಡಿ."

ಕುಡಿಯಲಿಲ್ಲ ಅವನು. ಮರುದಿನವೂ ಇಲ್ಲ.
ಮೂರನೆಯ ದಿನ, ಉಗುರೆಲ್ಲ ಬೂದಿ,
ಬೊಗಸೆ ಎತ್ತಿ ಕುಡಿದ,
ಕಣ್ಣು ಮುಚ್ಚಿ, ಕಷಾಯ ಕುಡಿವ ಮಗುವಿನಂತೆ.

ಹತ್ತೊಂಬತ್ತಕ್ಕೆ ಪಟ್ಟವಾಯಿತು.
ಆಲಿಕಲ್ಲು ಬಿದ್ದ ವರ್ಷ ಅದು. ಕಂದಾಯದ ಮಾತು.
ಹನ್ನೊಂದು ಗಡ್ಡಗಳು ಸಾಲಾಗಿ ಅಲ್ಲಾಡಿದವು:
ಹೌದು ಪ್ರಭು, ಹೌದು, ಹೌದು.
ದೊರೆ ಥಟ್ಟನೆ ತಲೆಯೆತ್ತಿದ,
ಪರಿಚಯದ ಸದ್ದು ಕೇಳಿದವನ ಹಾಗೆ.
"ಯಾರಾದರೂ ಮೇಲಿಂದ ನೀರು ಸುರಿಯಿರಿ," ಅಂದ.
ಗಡ್ಡಗಳಿಗೆ ತಿಳಿಯಲಿಲ್ಲ.
ಹೂಜಿ ಹಿಡಿದು ನಿಂತಿದ್ದ ನನಗೆ ತಿಳಿಯಿತು:
"ಬಡಗಣ ಇಳಿಜಾರಲ್ಲಿ ಎಲೆಯೂ ಉಳಿದಿಲ್ಲ, ಒಡೆಯ."
ಕೈ ನಡುಗಿ ಅವನ ತೊಡೆಗೆ ಚೆಲ್ಲಿತು ದ್ರಾಕ್ಷಾರಸ.
ಕಂದಾಯ ಅರ್ಧವಾಯಿತು. ಪೂರ್ತಿ ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಚೆಂದದ ಕಥೆ.
ಆದರೆ ಅದೇ ಚಳಿಗಾಲ
ಕುದುರೆ ಕದ್ದರೆಂದು ಇಬ್ಬರನ್ನು ನೇಣಿಗೆ ಹಾಕಿಸಿದ,
ಒಂದೇ ಸಂಜೆಯಲ್ಲಿ, ಯಾರನ್ನೂ ಕೇಳದೆ.
ಒಬ್ಬ ನನ್ನ ಚಿಕ್ಕಪ್ಪನ ಮಗ.
ಕದ್ದದ್ದು ನಿಜ. ವಯಸ್ಸು ಹದಿನಾರು, ಅದೂ ನಿಜ.
ಯೊತಾಮ್ ಮೂರು ದಿನ ರೊಟ್ಟಿ ಮುಟ್ಟಲಿಲ್ಲ.
ನಾಲ್ಕನೆಯ ದಿನ ಕೆಮ್ಮಿನ ನಡುವೆ ನನಗೆಂದ:
"ಒಂದು ತೊಳೆದರೆ ಎಲ್ಲ ತೊಳೆದಂತಲ್ಲ, ಮಗ.
ಪ್ರತಿ ಸುಗ್ಗಿಗೂ ಮತ್ತೆ ಹುಳಿ ಕಟ್ಟುತ್ತದೆ."
ಮಂಜು ಕರಗುವ ಮುಂಚೆ ಹೋಗಿಬಿಟ್ಟ.

ಮಣ್ಣು ಮಾಡಿದ ರಾತ್ರಿ ದೊರೆ ನೆಲಮಾಳಿಗೆಗೆ ಬಂದ,
ಒಬ್ಬನೇ, ದೀಪವಿಲ್ಲದೆ.
"ಕುಂಚ ಎಲ್ಲಿ?"
ಈಗ ಭುಜ ಅಗಲ. ಬಾಯಲ್ಲಿ ತುರುಕಿಕೊಂಡು ಇಳಿದ.
ನಿಲುವಂಗಿ ನನ್ನ ತೋಳ ಮೇಲೇ ಇತ್ತು,
ತೊಡಬೇಕೆನಿಸಲಿಲ್ಲ, ಅಷ್ಟು ಭಾರ.
ಒಳಗಿಂದ ಮಾತಿಲ್ಲ.
ತೊಗಟೆ ಉಜ್ಜುವ ಸದ್ದು, ನಡುನಡುವೆ ಮೂಗೊರೆಸುವ ಸದ್ದು.

ಬೆಳಗಿನ ಜಾವ ಒಂದು ಬಟ್ಟಲು ಮೇಲೆ ಬಂತು,
ಹಿಡಿದ ಕೈಯಷ್ಟೇ ಕಾಣುತ್ತಿತ್ತು.
"ನೀನು ಕುಡಿದು ಹೇಳು."

ಕುಡಿದೆ. ಚಿಕ್ಕಪ್ಪನ ಮಗನ ಮುಖ ನೆನಪಾಯಿತು.
"ಇನ್ನೂ ಹುಳಿ ಇದೆ," ಎಂದೆ.

ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಮತ್ತೆ ತೊಗಟೆಯ ಸದ್ದು.