ಅರ್ಥ್ ಇಲ್ಲದ ಮನೆ

ಫ್ರಿಜ್ಜು ಮುಟ್ಟುವ ಮೊದಲು ಚಪ್ಪಲಿ ಮೆಟ್ಟಬೇಕು.
ನಮ್ಮ ಮನೆಯ ಮೊದಲ ಮಡಿ ಅದು.
ಬೀಗರು ಬಂದರೂ ನೀರಿಗಿಂತ ಮುಂಚೆ ಈ ಮಾತು.
ಅಂಗಿಯ ತುದಿಯಲ್ಲಿ ಹಿಡಿಕೆ ಹಿಡಿದು ಎಳೆಯುವುದನ್ನು
ಮಕ್ಕಳು ಕಲಿತಿದ್ದವು
ಅ ಆ ಇ ಈ ಕಲಿಯುವ ಮುನ್ನ.

ಈ ಬೇಸಿಗೆಗೆ ಕೂಲರ್ ತಂದೆವು.
ಹಚ್ಚಿದ್ದೇ ತಡ, ಕಟ್ಟಿಗೆ ಪಟ್ಟಿಯೊಳಗೆ
ಯಾರೋ ಮಂಡಾಳು ಹುರಿದ ಸದ್ದು,
ಸುಟ್ಟ ರಬ್ಬರಿನ ನಾತ, ಆಮೇಲೆ ಕತ್ತಲೆ.
ಹೊಳೆ ದಂಡೆಯಲ್ಲಿ ಶಕ್ತಿನಗರದ ಚಿಮಣಿ
ನಾಡಿಗೆಲ್ಲ ಕರೆಂಟು ಕಾಸಿ ಕಳಿಸುತ್ತಿರಲು
ಗಾಜಗಾರಪೇಟೆಯ ನಾವು
ಮೇಣದಬತ್ತಿ ಹುಡುಕಿದೆವು.

ತೀನ್ ಕಂದೀಲಿನಲ್ಲಿ, ಬೀಡಾ ಅಂಗಡಿಯ ಪಕ್ಕ,
ಸೈಕಲ್ಲಿಗೆ ವೈರಿನ ಸುರುಳಿ ನೇತುಹಾಕಿ
ಕೂತಿರುತ್ತಾನೆ ಹುಸೇನಪ್ಪ.
ಮೂರು ಕಂದೀಲಿನ ಹೆಸರಲ್ಲಿ ಕರೆಂಟಿನವ!
"ಈಗ ಬಂದೆ, ನೀವು ನಡೀರಿ ಯಕ್ಕಾ" ಅಂದದ್ದು ಸೋಮವಾರ.
ಬಂದದ್ದು ಬೇಸ್ತವಾರ.

ಮಾತಿಲ್ಲ. ಕಿವಿಯ ಹಿಂದಿನ ಟೆಸ್ಟರ್ ತೆಗೆದ.
ಜ್ವರ ನೋಡುವವರಂತೆ
ಹಿಂಗೈಯಿಂದ ಗೋಡೆ ಮುಟ್ಟಿದ.
"ಈ ಮನೀಗೆ ಅರ್ಥೇ ಇಲ್ರಿ."
ಇಪ್ಪತ್ತೆರಡು ವರ್ಷ ಬಾಳ್ವೆ ಮಾಡಿದ ನನಗೆ
ಅವನು ಹೇಳಿದ್ದು ಯಾವ ಅರ್ಥ ಎಂದು ತಿಳಿಯಲು
ಒಂದು ನಿಮಿಷ ಹಿಡಿಯಿತು.

ಹಿತ್ತಲಲ್ಲಿ ಎದೆಮಟ್ಟದ ಗುಂಡಿ.
ತಳಕ್ಕೆ ತಾಮ್ರದ ತಗಡು,
ಮೇಲೆ ಇದ್ದಿಲು, ಉಪ್ಪು, ಮತ್ತೆ ಇದ್ದಿಲು, ಉಪ್ಪು.
ಉಪ್ಪಿನಕಾಯಿ ಹಾಕುವ ಬಾಯಿ ಸುಮ್ಮನಿರದೆ
"ಉಪ್ಪು ಕಮ್ಮಿ ಆತಲ್ಲೋ" ಅಂದೆ. ನಕ್ಕ.
"ಬ್ಯಾಸಿಗ್ಯಾಗ ದಿನಾ ಒಂದು ಕೊಡ ನೀರು ಹಾಕ್ರಿ.
ನೆಲ ಒಣಗಿದ್ರ ಹಿಡ್ಕಳ್ಳಂಗಿಲ್ಲ."

ಆಮೇಲೆ ಪಡಸಾಲೆಯ ಬೋರ್ಡು.
ಕಪ್ಪು ಗುಂಡು ಸ್ವಿಚ್ಚು ಏಳು. ಆರಕ್ಕೆ ಆರು ಕೆಲಸ.
ಏಳನೇದು ಯಾವುದಕ್ಕೂ ಅಲ್ಲ.
ದೇವರ ಮುಂದೆ ಹಣತೆ ಹಚ್ಚಿ ಬಂದು
ಅತ್ತೆ ಹಂಪಮ್ಮ ದಿನಾ ಸಂಜೆ ಅದನ್ನು ಕೆಳಗೊತ್ತುತ್ತಾಳೆ,
ಬೆಳಿಗ್ಗೆ ಮೇಲಕ್ಕೆ.
ವಯಸ್ಸಾಯಿತು ಅಂತ ನಾವು ಬಿಟ್ಟಿದ್ದೆವು.

ಅದರ ವೈರಿನ ಬೆನ್ನು ಹತ್ತಿದ ಹುಸೇನಪ್ಪ
ಅಟ್ಟದ ಮೇಲೆ ತೆವಳಿ, ಜೇಡ ಬಲೆ ಮೆತ್ತಿದ ತಲೆ ಹೊರಹಾಕಿ,
"ಇದು ಗ್ವಾಡಿ ದಾಟಿ ಹೋಗೈತ್ರಿ" ಅಂದ.

ಆ ಗೋಡೆ.
ಮಾವ ಮತ್ತು ಅವರ ತಮ್ಮ ಪಾಲಾದ ವರ್ಷ ಎದ್ದದ್ದು.
ಆಚೆ ಸಣ್ಣತ್ತೆಯ ಬಚ್ಚಲು.
ಮೂವತ್ತೊಂದು ವರ್ಷ ಲಗ್ನಕ್ಕೆ ಕರೆದಿಲ್ಲ,
ಮಣ್ಣಿಗೂ ಬಂದಿಲ್ಲ.
ಬಲ್ಬು ಮಾತ್ರ ಹತ್ತುತ್ತಿದೆ
ನಮ್ಮ ಮೀಟರಿನ ಮೇಲೆ.

"ಕತ್ತರಿಸ್ಲೇನ್ರಿ?"
ಇಕ್ಕಳ ಬಾಯಿ ತೆರೆದಿತ್ತು.
ತಿಂಗಳಿಗೆ ಇಪ್ಪತ್ತು ಹಿಡಿ, ಹನ್ನೆರಡು ತಿಂಗಳು,
ಮೂವತ್ತೊಂದು ವರ್ಷ. ಬೆರಳು ಮಡಚುತ್ತಲೇ ಇದ್ದೆ.
ಏಳು ಸಾವಿರದ ನಾನೂರಾ ನಲವತ್ತು.
ಕೂಲರಿನ ರೊಕ್ಕ!

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರದಿಂದ ಕಣ್ಣೆತ್ತಲಿಲ್ಲ.
"ಆಕೀಗೆ ಮೊದ್ಲಿಂದ ಕತ್ಲಾಗ ಕಣ್ಣು ಕಾಣಂಗಿಲ್ಲ."
ಅಷ್ಟೇ. ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.

ನನಗೆ ಆಗ ಹೊಳೆಯಿತು:
ಬಲ್ಬು ಸುಟ್ಟಾಗಲೆಲ್ಲ
ಆ ಕಡೆಯಿಂದ ಯಾರೋ
ಹೊಸದು ಹಾಕುತ್ತಲೇ ಬಂದಿರಬೇಕು.

ನನ್ನನ್ನು ಮತ್ತೆ ಕೇಳಲಿಲ್ಲ ಹುಸೇನಪ್ಪ.
ಹಳೆಯದಕ್ಕೆ ಹೊಸದರ ತುದಿ ಕಟ್ಟಿ
ಅಟ್ಟದಿಂದ ಎಳೆದ, ಗೋಡೆಯ ತೂತಿನವರೆಗೂ.
ಸಿಗರೇಟು ಪಾಕೀಟಿನ ಹಿಂದೆ ಬರೆದ ಬಿಲ್ಲಿನಲ್ಲಿ
ಕೊನೇ ಸಾಲು: ಬಚ್ಚಲ ಪಾಯಿಂಟು, ಒಂದು.
ಇನ್ನೂರು ಕಡಿಮೆ ಕೊಟ್ಟೆ. ನೂರಕ್ಕೆ ಜಗಳಾಡಿ
ಹಳೇ ತಾಮ್ರದ ವೈರು ಚೀಲಕ್ಕೆ ತುಂಬಿಕೊಂಡು ಹೋದ.

ಸಂಜೆ, ಹಾಲಿನಂತೆ ಬೆಳ್ಳಗಿನ ಹೊಸ ಬೋರ್ಡಿನ ಮುಂದೆ
ಅತ್ತೆಯ ಬೆರಳು ಒಂದು, ಎರಡು ಎಣಿಸುತ್ತ ಹೋಗಿ
ಏಳಕ್ಕೆ ನಿಂತು, ಒತ್ತಿತು.
ಗೋಡೆಯಾಚೆ ತಂಬಿಗೆ ಸದ್ದಾಯಿತು.

ನಾನು ಬರಿಗಾಲಲ್ಲಿ ಫ್ರಿಜ್ಜು ಮುಟ್ಟಿದೆ.
ಏನೂ ಆಗಲಿಲ್ಲ.
ನಂಬಿಕೆ ಬರದೆ
ಇನ್ನೊಮ್ಮೆ ಮುಟ್ಟಿದೆ.