ಎಲುಬು, ಎಲುಂಬು

ಕೋಸಿನ ಲಾರಿಯ ಮೇಲಿಂದ ಬಿದ್ದದ್ದಂತೆ.
ಹತ್ತಿದ್ದು ಯಾಕೆ ಎಂದು ಯಾರೂ ಕೇಳಲಿಲ್ಲ,
ತಾಳವಾಡಿಯಲ್ಲಿ ಏಳು ವರ್ಷದ ಹುಡುಗರು
ಲಾರಿ ಕಂಡರೆ ಹತ್ತುತ್ತಾರೆ, ಅಷ್ಟೆ.
ಹೆಸರು ಬಿಳಿಗಿರಿ. ಬಲಗೈಯನ್ನು ಎಡಗೈಯಲ್ಲಿ
ಬೇರೆ ಯಾರದೋ ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ.

ರಾತ್ರಿ ಒಂಬತ್ತೂವರೆ.
ಎಕ್ಸ್‌ರೇ ಮಿಷನ್ನು ಕೆಟ್ಟು ಹನ್ನೊಂದು ದಿನ,
ಕೋಣೆಯ ಬೀಗದ ಕೈ ಮಾತ್ರ ನನ್ನ ಸೊಂಟದಲ್ಲಿ ಸುಸ್ಥಿತಿಯಲ್ಲಿದೆ.
ದಿಂಬಂ ಘಟ್ಟಕ್ಕೆ ಗೇಟು ಬಿದ್ದಾಗಿದೆ,
ಇಪ್ಪತ್ತೇಳು ತಿರುವೂ ಈಗ ಆನೆಗಳ ಪಾಲು.
ಚಾಮರಾಜನಗರ ಹತ್ತಿರವೇ, ಆದರೆ
ಅಪ್ಪನ ಜೇಬಿನ ಕಾರ್ಡು ಅಲ್ಲಿ ಬರೀ ರಟ್ಟು.

ಅಪ್ಪ, ಗುರುಮಲ್ಲಪ್ಪ, ಆಗಲೇ ಎದ್ದು ನಿಂತಿದ್ದ:
"ಬುಡಿ ಸಿಸ್ಟರೇ, ನಾಟಿ ವೈದ್ಯರ ತಾವು
ಮೊಟ್ಟೆ ಬಿಳಿ ಬಳಿದು ಬಿದಿರ ದಬ್ಬೆ ಕಟ್ಟುಸ್ತೀನಿ."

ಡಾಕ್ಟರಮ್ಮ ಕಯಲ್‌ವಿಳಿ, ತಂಜಾವೂರಿನವರು,
ಊರಿಗೆ ಬಂದು ನಾಲ್ಕು ತಿಂಗಳು,
ಮಾತಾಡದೆ ಬಸುರಿಯರ ಮಿಷನ್ನಿನ ಹೊದಿಕೆ ತೆಗೆದರು.
ಮೇಲೆ ಬೋರ್ಡು: ಇಲ್ಲಿ ಗಂಡೋ ಹೆಣ್ಣೋ ಹೇಳುವುದಿಲ್ಲ.

ಮೊದಲು ನೆಟ್ಟಗಿರುವ ಕೈ.
"ಅದಲ್ಲ, ಇದು" ಎಂದು ಹುಡುಗ ಅಳು ನಿಲ್ಲಿಸಿ ತಿದ್ದಿದ.
ನೋಯದ್ದನ್ನು ನೋಡಿಕೊಂಡರೆ ತಾನೆ ನೋಯುವುದು ಗೊತ್ತಾಗುವುದು
ಎಂದು ನಾನು ಬಿಡಿಸಿ ಹೇಳುವಷ್ಟರಲ್ಲಿ
ಮಡಿಸಿದ ಮೊಣಕೈ ಹಿಂದೆ ತಣ್ಣನೆ ಜೆಲ್ಲು ಬಿತ್ತು.
ಪರದೆಯಲ್ಲಿ ಬೂದು ಗುಡ್ಡ, ಗುಡ್ಡದಲ್ಲೊಂದು ಗುಂಡಿ,
ಗುಂಡಿಯೊಳಗೆ ಕೊಬ್ಬಿನ ಸಣ್ಣ ದಿಂಬು
ಅಂಚು ಮೀರದೆ ಮಲಗಿತ್ತು.

ಆಮೇಲೆ ನೋಯುವ ಕೈ. ಒತ್ತದೆ,
ಹಾಲಿನ ಕೆನೆ ಮೇಲೆ ಬೆರಳಿಟ್ಟಷ್ಟು ಮೆಲ್ಲಗೆ.
ಅದೇ ಗುಡ್ಡ. ಅದೇ ಗುಂಡಿ. ದಿಂಬು ಮಾತ್ರ
ಜಾಗ ಬಿಟ್ಟು ಮೇಲೆದ್ದಿದೆ; ಕುದಿಯುವ ಸಾರು
ಪಾತ್ರೆಯ ತಟ್ಟೆಯನ್ನು ಎತ್ತುವ ಹಾಗೆ
ಕೆಳಗೆ ರಕ್ತ ತುಂಬಿ ಎತ್ತಿದೆ.

ಬಿರುಕು ಎಲ್ಲಿ? ಹುಡುಕಿದೆವು. ಕಾಣಲಿಲ್ಲ.
ಕಾಣದಿದ್ದರೂ ಇರಬೇಕು, ಅಂದರು.

ಬಿಳಿಗಿರಿ ಪರದೆಯನ್ನೇ ನೋಡುತ್ತಿದ್ದ.
ಅವನ ಅವ್ವ ಹೋದ ತಿಂಗಳು ಇದೇ ಮಂಚದಲ್ಲಿ ಮಲಗಿದ್ದಳು.
"ಕೈಯೊಳಗೂ ಅದಾ? ಗಂಡಾ, ಹೆಣ್ಣಾ?"
ನಾನು ಬೋರ್ಡು ತೋರಿಸಿದೆ.
ಗುರುಮಲ್ಲಪ್ಪ ನಕ್ಕ. ನಕ್ಕವನು ಮತ್ತೆ ಕೂತ.

ಎಲುಂಬು, ಅಂದರು ಡಾಕ್ಟರಮ್ಮ ಅವನ ಕಡೆ ತಿರುಗಿ.
ಎಲುಬು, ಅಂದ ಅವನು,
ನಾನು ನಡುವೆ ಬಾಯಿ ಹಾಕುವ ಮೊದಲೇ.
ಇಪ್ಪತ್ತಾರು ವರ್ಷ ಈ ಎರಡು ಮಾತಿನ ನಡುವೆ ಓಡಾಡಿದ್ದೇನೆ;
ದೂರ ಒಂದು ಸೊನ್ನೆಯಷ್ಟು ಎಂದು
ಅಳೆದು ನೋಡಿರಲಿಲ್ಲ.

ಗ್ಲೂಕೋಸಿನ ರಟ್ಟಿನ ಡಬ್ಬ ಕತ್ತರಿಸಿ, ಹತ್ತಿ ಸುತ್ತಿ,
ಇದ್ದ ಹಾಗೇ ಮಡಿಸಿದ ಕೈಗೆ ಆಸರೆ ಕಟ್ಟಿದೆವು. ಬಿಗಿಯಲಿಲ್ಲ.
ಗಂಟೆಗೊಮ್ಮೆ ಅವನ ಬೆರಳು ಬೆಚ್ಚಗಿವೆಯೇ ಎಂದು ಮುಟ್ಟಿದೆ.
ಎರಡು ಗಂಟೆಗೆ ಕಣ್ಣು ಬಿಟ್ಟು ಕೇಳಿದ:
"ಆನೆ ಬಿದ್ರೆ ಎಷ್ಟು ಜೆಲ್ಲು ಬೇಕು?"
ಮಲಗು, ಅಂದೆ. ಆರಕ್ಕೆ ಗೇಟು ತೆಗೀತಾರೆ.

ರಿಜಿಸ್ಟರು ಬಿಚ್ಚಿದೆ. ಹೆಸರು, ವಯಸ್ಸು, ಊರು.
ಎಷ್ಟನೆಯ ತಿಂಗಳು ಎಂಬ ಕಲಮ್ಮಿನಲ್ಲಿ
ಪೆನ್ನು ಸುಮಾರು ಹೊತ್ತು ನಿಂತೇ ಇತ್ತು.