ಹಗ್ಗದ ಈ ತುದಿ

ಹತ್ತೋದಿದ್ರ ಮುಂಜಾನಿ ಏಳರೊಳಗ ಹತ್ತಬೇಕು,
ಕಲ್ಲು ಇನ್ನೂ ತಣ್ಣಗಿರತ.
ಆಮ್ಯಾಲ ಬಾದಾಮಿ ಗ್ವಾಡಿ ಅಂದ್ರ ರೊಟ್ಟಿ ಹಂಚು,
ಬೆರಳಿನ ಬೆವರು ಹಿಡಿತ ತಿಂತೈತಿ.

ಮೆಹಬೂಬಿ ಆಗಲೇ ಇಪ್ಪತ್ತು ಮೊಳ ಮ್ಯಾಲ.
ಟಾಂಗಾ ದಸ್ತಗೀರನ ಮಗಳು, ಒಂಬತ್ತನೇತ್ತೆ.
ಸೊಂಟಕ್ಕ ಬಿಳಿ ಪುಡಿ ಚೀಲ,
ಕಾಲಿಗೆ ಒಂದು ನಂಬರ ಸಣ್ಣ ಬೂಟು,
ಪುಣೆದವರು ಬಿಟ್ಟು ಹೋದದ್ದು.
ಅಕಿ ಹತ್ತತಾಳ,
ನಾ ಹಗ್ಗ ಬಿಡತೇನಿ, ಗೇಣು, ಮತ್ತೊಂದು ಗೇಣು.
ನನ್ನ ಕೆಲಸ ಇಷ್ಟ:
ಕುತ್ತಿಗಿ ನೋಯೂತನಕ ತಲಿ ಎತ್ತಿ ನೋಡೋದು,
ಸಡಿಲ ಕೇಳಿದ್ರ ಸಡಿಲ, ಬಿಗಿ ಕೇಳಿದ್ರ ಬಿಗಿ,
ಜಾರಿದ್ರ ನೆಲ ಮುಟ್ಟಗೊಡದಂಗ ಕುಂದ್ರೋದು.

ನಮ್ಮಪ್ಪ ಈ ಕಲ್ಲಿನ ಕುಲ ಬಲ್ಲಾಂವ.
ಗುಳೇದಗುಡ್ಡದ ಖಣಿಯಾಗ
ಬಡದು, ಕಿವಿ ಇಟ್ಟು ಕೇಳಿ,
ಎಲ್ಲಿ ಸೀಳತೈತಿ ಹೇಳತಿದ್ದ.
ಚಾಣ ಇಟ್ಟು ಒಂದ ಏಟು,
ಹೋಳಿಗಿ ಬಿಚ್ಚಿದಂಗ ಪದರ ಬಿಚ್ಚತಿತ್ತು.
ಕಡೀಕ ಅದರ ಧೂಳು ಎದ್ಯಾಗ ಕುಂತು
ಅವನ್ನೂ ಸೀಳಿತು.
"ಕಲ್ಲಿಗೆ ಸಿಟ್ಟಿಲ್ಲೋ" ಅಂತಿದ್ದ ಕೆಮ್ಮಿನ ನಡುವ,
"ಉಸುಕಾಗಿದ್ದಾಗ ಹೊಳಿ ಹರದದ್ದು ನೆನಪೈತಿ ಅದಕ್ಕ.
ಗೆರಿ ಹಿಡದು ಹೋಗು, ದಾರಿ ಕೊಡತೈತಿ."

ಗೆರಿ ಹಿಡದ ಹೋದೆ, ಅಪ್ಪಾ, ಆದರ ಮ್ಯಾಲಕ್ಕ.
ನೀ ಒಡದ ಕಲ್ಲು ಲಾರಿ ಹತ್ತಿತು.
ನಾ ಹತ್ತಿದ ಕಲ್ಲು ಇಲ್ಲೇ ಐತಿ.

ಎಡಕ್ಕ ಕೋಟಿ ತೆನಿ ಮ್ಯಾಲ ಮುಷ್ಯಾಗಳು ಸಾಲಾಗಿ ಕುಂತಾವ,
ಬಾಲ ಇಳಿಬಿಟ್ಟು, ನಮ್ಮ ಆಟ ನೋಡಾಕ.
ಹಗ್ಗಿಲ್ಲ, ಬೂಟಿಲ್ಲ, ಹೊಟ್ಟಿಗೆ ಅವುಚಿದ ಮರಿ ಬ್ಯಾರೆ,
ಒಂದು ಜಿಗಿತಕ್ಕ ಮೂರು ಬೋಲ್ಟು ದಾಟತಾವ.
ಮೆಹಬೂಬಿ ಅವಕ್ಕ 'ಸರ್' ಅಂತಾಳ.
ಕೆಳಗ ಕೆರಿ. ಅರಿವಿ ಒಗಿಯೋ ಸಪ್ಪಳ
ಗುಡ್ಡಕ್ಕ ಬಡದು ಒಂದಕ್ಕೆರಡು.

ಆರನೇ ಬೋಲ್ಟಿನ ಹತ್ರ ಹಗ್ಗ ನಿಂತಿತು.
"ಬಿಗಿ ಮಾಡಲೇನು?"
ಮಾತಿಲ್ಲ.
ಇಪ್ಪತ್ತು ವರ್ಷ ಹಿಡದ ಕೈಗೆ
ಹಗ್ಗದಾಗ ಉಸಿರು ಗೊತ್ತಾಗತೈತಿ:
ಇದು ಅಂಜಿದ್ದಲ್ಲ, ದಣದದ್ದೂ ಅಲ್ಲ,
ಏನೋ ಕಂಡದ್ದು.

"ಮಾಮಾ..."
ಪಿಸುಮಾತು ಗ್ವಾಡಿಗುಂಟ ಇಳದು ಬಂತು.
"ಗೂಗಿ. ಕೋಡಿನ ಗೂಗಿ.
ಮೂರು ತತ್ತಿ. ಬರೇ ಕಲ್ಲಿನ ಮ್ಯಾಲ, ಒಂದು ಕಡ್ಡಿನೂ ಹಾಸಿಲ್ಲ.
ನನ್ನ ನೋಡಾಕತ್ತೈತಿ. ಕೆಂಡದಂಥ ಕಣ್ಣು.
ಏಳವಲ್ದು."

ನಮ್ಮವ್ವ ಇದ್ದಿದ್ರ ಉಪ್ಪು ಮೆಣಸಿನಕಾಯಿ ನಿವಾಳಿಸತಿದ್ಲು,
ಹಗಲ ಹೊತ್ತಿನ್ಯಾಗ ಗೂಗಿ ಮಾರಿ!
ನಾ ಎಣಿಸಿದ್ದು ಬ್ಯಾರೆ ಲೆಕ್ಕ.
ದಸರಾದಿಂದ ಈ ಗ್ವಾಡಿಗೆ ಜೋತುಬಿದ್ದಾಳ ಹುಡುಗಿ,
ಮುಂದಿನ ತಿಂಗಳ ಪಂದ್ಯ,
ಇನ್ನೊಂದು ಕೈ, ಒಂದು ಕಾಲು,
ತುದಿಯ ಸರಪಳಿ ಅಷ್ಟ ದೂರ.
ಆ ಕೈ ಇಡಬೇಕಾದ್ದು ತತ್ತಿ ಇದ್ದ ಜಾಗದಾಗ.

ಬಾಯಿ ಬಿಡಲಿಲ್ಲ ನಾ.
ಹಗ್ಗ ಹಿಡದಾಂವ ಹೇಳೋ ಮಾತಲ್ಲ ಅದು.
ಎಷ್ಟೊತ್ತೋ.
ಒಂದು ಮುಷ್ಯಾ ತಲಿ ಕೆರಕೊಂಡಿತು.

"ಇಳಸ್ರಿ ಮಾಮಾ. ಸಾವಕಾಶ."

ನೆಲ ಮುಟ್ಟಿದಾಕಿ ಗಂಟು ಬಿಚ್ಚಲಿಲ್ಲ ಭಾಳೊತ್ತು.
"ನಾನು ಹೋದ ಮ್ಯಾಲ ತಣ್ಣಗಾಗಂಗಿಲ್ಲಲಾ ತತ್ತಿ?"
ಅಂದು, ಸಿಟ್ಟಿಲೆ ಕಣ್ಣೊರಸಿಕೊಂಡ್ಲು.
ಪುಡಿ ಹತ್ತಿ ಮಾರಿ ಬೆಳ್ಳಗಾತು.

ಶನಿವಾರ ಪುಣೆದಿಂದ ಫೋನು, ಮುಂಗಡ ಕೊಟ್ಟ ಮಂದಿ,
ಅದ ಗ್ವಾಡಿನ ಬೇಕಂತ.
"ಬಾಡಿಗಿಗೆ ಹೋಗೇತ್ರಿ" ಅಂದೆ.
"ಗ್ವಾಡಿ? ಯಾರಿಗೆ?"
"ಗಂಡ ಹೆಂಡ್ತಿ. ಮೂರು ಮಕ್ಕಳಾಗೂದೈತಿ. ರಾತ್ರಿ ಪಾಳಿ."
ನಕ್ಕು, ರೊಕ್ಕ ವಾಪಸ ಕೇಳಿದ್ರು.
ಕೊಟ್ಟೆ. ನಕ್ಕೊಂತ ಕೊಟ್ಟೆ ಅಂದ್ರ ಸುಳ್ಳಾಗತೈತಿ.

ಈಗ ರಾತ್ರಿ ಹನ್ನೊಂದು.
ಓಣಿ ಮಂದಿ ಕಿಟಕಿ ಮುಚ್ಚಿಕೊಂಡಾರ.
ಗುಡ್ಡದ ಕಡಿಂದ ಒಂದು ದನಿ
ಬೂ... ಬೋ...
ಕೆರಿ ದಾಟಿ ಇನ್ನೊಂದು ಗುಡ್ಡದಾಗ ಅದಕ್ಕ ಓ ಅಂತು.
ಹಾಸಿಗ್ಯಾಗ ಬಿದ್ದಲ್ಲೇ, ಕತ್ತಲದಾಗ,
ನನ್ನ ಕೈ ತಾನಾಗೇ
ಒಂದು ಗೇಣು ಸಡಿಲ ಬಿಟ್ಟಿತು.